ಮೀನಿನ ಚೀಟಿಯ ಮೇಜು

ನನ್ನ ತಂಗಿ ಒಡೆಸಾ ಸಿಟ್ಟು ಬಂದರೆ ಕೂಗಾಡುವವಳಲ್ಲ. ಕೂಗಾಟವೆಲ್ಲ ನನ್ನ ಪಾಲಿಗೆ ಬಂದಿದೆ. ಅವಳು ಮೆಲ್ಲಗೆ ಮಾತಾಡುತ್ತಾಳೆ. ಹಾಗೆ ಮೆಲ್ಲಗೆ ಒಂದು ಮಾತು ಹೇಳಿಬಿಟ್ಟಳೆಂದರೆ ಮುಗಿಯಿತು, ಪಾದ್ರಿಯೇ ಬಂದು ಮೊಣಕಾಲೂರಿದರೂ ಅದು ಬದಲಾಗುವುದಿಲ್ಲ. ಆ ವರ್ಷ ಚಳಿ ಇನ್ನೂ ಬಿಟ್ಟಿರಲಿಲ್ಲ, ನನ್ನ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಾ ಹೇಳಿದಳು.

"ಈಸ್ಟರ್ ತನಕ ನೋಡ್ತೀನಿ ಅಕ್ಕಾ. ಅಷ್ಟರೊಳಗೆ ಲೂಷಿಯಸ್ ಮದುವೆ ಮಾತು ಎತ್ತಿದ್ರೆ ಸರಿ. ಇಲ್ಲಾಂದ್ರೆ ಮೆಂಫಿಸ್‌ಗೆ ಹೋಗಿ ಮಗನ ಮನೇಲಿ ಇದ್ದುಬಿಡ್ತೀನಿ. ಸೊಸೆ ಆಗ್ಲೇ ರೂಮು ಖಾಲಿ ಮಾಡಿಟ್ಟಿದ್ದಾಳೆ."

ಸೇಂಟ್ ಲೂಯಿಸ್‌ನ ಉತ್ತರ ಭಾಗದ ಈ ಬೀದಿಗಳಲ್ಲಿ ನಾವಿಬ್ಬರೂ ಹುಟ್ಟಿ ಬೆಳೆದವರು. ಇಬ್ಬರ ಗಂಡಂದಿರೂ ತೀರಿಕೊಂಡಿದ್ದಾರೆ. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಅವಳಿಗೆ ಫೋನ್ ಮಾಡಿ ಏನಾದರೊಂದು ವಿಷಯಕ್ಕೆ ಜಗಳ ತೆಗೆಯದಿದ್ದರೆ ನನಗೆ ದಿನವೇ ಶುರುವಾಗುವುದಿಲ್ಲ. ಇವಳು ಹೊರಟುಹೋದರೆ ನಾನು ಯಾರ ಜೊತೆ ಜಗಳವಾಡಲಿ? ಗೋಡೆಯ ಜೊತೆಗೇ?

ನನ್ನ ಸಿಟ್ಟೆಲ್ಲ ಲೂಷಿಯಸ್ ಮೇಲೆ ತಿರುಗಿತು. ಅವನು ಕೆಟ್ಟವನೇನಲ್ಲ, ಒಪ್ಪುತ್ತೇನೆ. ಹಾಳಾದ ಫ್ರಿಜ್ಜು, ಕೆಟ್ಟ ಹೀಟರು ರಿಪೇರಿ ಮಾಡುವವನು. ಚರ್ಚಿನ ಹಾಡಿನ ಮೇಳದಲ್ಲಿ ಅವನ ದಪ್ಪ ದನಿಗೆ ಬೆಂಚುಗಳು ನಡುಗುತ್ತವೆ, ಆದರೆ ಮಾತಾಡು ಅಂದರೆ ತುಟಿ ಪಿಟಕ್ಕೆನ್ನುವುದಿಲ್ಲ. ಎಷ್ಟೋ ವರ್ಷಗಳಿಂದ ಪ್ರತಿ ಭಾನುವಾರ ಒಡೆಸಾಳ ಮನೆಯಲ್ಲಿ ಊಟ, ಅವಳ ಕಾರಿಗೆ ಎಣ್ಣೆ ಬದಲಾವಣೆ, ಅವಳ ಹಲ್ಲು ನೋವಿಗೆ ಇವನಿಗೆ ನಿದ್ದೆಯಿಲ್ಲ. ಮದುವೆ ಅಂದರೆ ಮಾತ್ರ ಕಾಲಿಗೆ ಬುದ್ಧಿ ಹೇಳುತ್ತಿದ್ದ. ಇವನು ನನ್ನ ತಂಗಿಯನ್ನು ಆಟ ಆಡಿಸುತ್ತಿದ್ದಾನೆ ಅಂತಲೇ ನಾನು ತೀರ್ಮಾನಿಸಿಬಿಟ್ಟಿದ್ದೆ.

ಈಸ್ಟರ್‌ಗೆ ಮುಂಚಿನ ಶುಕ್ರವಾರಗಳಲ್ಲಿ ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ಹುರಿದ ಮೀನು ಮಾರುತ್ತೇವೆ. ಅಡುಗೆಮನೆ ನನ್ನದು. ಹಿಂದಿನ ಓಣಿಯಲ್ಲಿ ದೊಡ್ಡ ಹಂಡೆ ಇಟ್ಟು ಮೀನು ಕರಿಯುವವನು ಲೂಷಿಯಸ್. ಬಾಗಿಲ ಬಳಿ ಚೀಟಿ ತೆಗೆದುಕೊಂಡು, ನನ್ನ ಕಿಟಕಿಗೆ ಬಂದು ಕೊಟ್ಟರೆ ಮೀನು, ಸ್ಪಾಗೆಟ್ಟಿ, ಕೋಸಿನ ಪಲ್ಯ, ಎರಡು ಬಿಳಿ ಬ್ರೆಡ್ಡು. ಮೀನಿನ ಜೊತೆ ಸ್ಪಾಗೆಟ್ಟಿ ಯಾಕೆ ಅಂತ ಕೇಳುವವರು ನಮ್ಮ ಊರಿನವರಲ್ಲ.

ಆ ವರ್ಷ ಪಾದ್ರಿಗೆ ಒಂದು ಹೊಸ ಯೋಚನೆ ಬಂತು. ನಮ್ಮ ರಾಜ್ಯದಲ್ಲಿ ಗಾಂಜಾ ಈಗ ಅಪರಾಧವಲ್ಲ. ಮುಖ್ಯ ರಸ್ತೆಯಲ್ಲಿ ಹಸಿರು ಎಲೆಯ ದೀಪ ಹಾಕಿಕೊಂಡು ಅಂಗಡಿಯೇ ತೆರೆದಿದ್ದಾರೆ, ಬಿಳಿಯರ ಮಕ್ಕಳು ಒಳ್ಳೆ ಕಾರಿನಲ್ಲಿ ಬಂದು ಸಾಲು ನಿಲ್ಲುತ್ತಾರೆ. ಅದೇ ರಸ್ತೆಯಲ್ಲಿ, ಅದೇ ಸೊಪ್ಪಿಗೆ, ನಮ್ಮ ಕಪ್ಪು ಹುಡುಗರ ಕೈಗೆ ಬೇಡಿ ಹಾಕಿದ್ದನ್ನು ಕಣ್ಣಾರೆ ಕಂಡವಳು ನಾನು. ಹೊಸ ಕಾನೂನಿನ ಪ್ರಕಾರ ಆ ಹಳೆಯ ಕೇಸುಗಳನ್ನು ಕೋರ್ಟಿನವರೇ ದಾಖಲೆಯಿಂದ ಅಳಿಸಬೇಕು. ಅಳಿಸುತ್ತಲೂ ಇದ್ದಾರೆ. ಆದರೆ ಯಾರದು ಅಳಿಸಿದೆ, ಯಾರದು ಇನ್ನೂ ರಟ್ಟಿನ ಪೆಟ್ಟಿಗೆಯಲ್ಲಿ ಕೊಳೆಯುತ್ತಿದೆ ಅಂತ ಜನಕ್ಕೆ ಗೊತ್ತಿಲ್ಲ. ಹಾಗಾಗಿ ಪಾದ್ರಿ ಉಚಿತ ಕಾನೂನು ನೆರವಿನ ಒಬ್ಬ ವಕೀಲೆಯನ್ನು ಮೀನಿನ ಶುಕ್ರವಾರಕ್ಕೆ ಕರೆಸಿದರು. ಹೆಸರು ಕೆಂಡ್ರಾ. ಚಿಕ್ಕ ವಯಸ್ಸು, ಚುರುಕು ಕಣ್ಣು, ಮೀನಿನ ಮೇಲೆ ಖಾರದ ಸಾಸ್ ಸುರಿದುಕೊಳ್ಳುವ ರೀತಿ ನೋಡಿಯೇ ನನಗೆ ಇಷ್ಟವಾದಳು.

ಅಲ್ಲೇ ನಮ್ಮವರು ಎಡವಟ್ಟು ಮಾಡಿದ್ದು. ನಮ್ಮ ಚರ್ಚಿನಲ್ಲಿ ಅತಿಥಿಯನ್ನು ಒಂಟಿಯಾಗಿ ಕೂರಿಸುವ ಪದ್ಧತಿಯಿಲ್ಲ, ಅದು ಅವಮಾನ. ಆದ್ದರಿಂದ ಕೆಂಡ್ರಾಳ ಮೇಜನ್ನು ಸಭಾಂಗಣದ ನಟ್ಟನಡುವೆ ಇಟ್ಟು, ಮೇಲೆ ಮಾರುದ್ದದ ಅಕ್ಷರಗಳಲ್ಲಿ "ನಿಮ್ಮ ಹಳೆಯ ಗಾಂಜಾ ಕೇಸು ಅಳಿಸಿಕೊಳ್ಳಿ" ಅಂತ ಬ್ಯಾನರ್ ಕಟ್ಟಿ, ಮರ್ಯಾದೆಗೆಂದು ಅವಳ ಎಡಬಲಕ್ಕೆ ಚರ್ಚಿನ ಮದರ್‌ಗಳನ್ನು ಕೂರಿಸಿದರು. ಮದರ್ ಅಂದರೆ ಚರ್ಚಿನ ಅತ್ಯಂತ ಹಿರಿಯ ಹೆಂಗಸರು. ಬಿಳಿ ಬಟ್ಟೆ, ಬಿಳಿ ಟೋಪಿ, ಅವರ ಮುಂದೆ ಪಾದ್ರಿಯೂ ದನಿ ತಗ್ಗಿಸುತ್ತಾರೆ. ನಡುವೆ ಮದರ್ ಪೆಟಿಗ್ರೂ. ಇಲ್ಲಿ ಮೀನು ತಿನ್ನಲು ಬರುವ ಮುಕ್ಕಾಲು ಜನಕ್ಕೆ ಚಿಕ್ಕಂದಿನಲ್ಲಿ ಬೈಬಲ್ ಪಾಠ ಹೇಳಿ ಕಿವಿ ಹಿಂಡಿದವರು.

ಇನ್ನು ಯಾವ ಗಂಡಸಿಗೆ ಗುಂಡಿಗೆ ಇದೆ ಆ ಮೇಜಿನ ಹತ್ತಿರ ಹೋಗಲು? ಜನ ಬಂದರು, ಬ್ಯಾನರ್ ನೋಡಿದರು, ಮದರ್ ಪೆಟಿಗ್ರೂ ಅವರನ್ನು ನೋಡಿದರು, ಜನ ಮೀನು ತೆಗೆದುಕೊಂಡು ಮೇಜನ್ನು ಬಳಸಿಕೊಂಡು ಹೋದರು. ಮೊದಲ ಶುಕ್ರವಾರ ಹಾಗೇ, ಎರಡನೆಯದೂ ಹಾಗೇ. ಪಾಪ, ಆ ಹುಡುಗಿ ಮದರ್‌ಗಳ ಮಂಡಿನೋವಿನ ಕಥೆ ಕೇಳಿಕೊಂಡು ಕೂತಳು.

ಎರಡನೆಯ ಶುಕ್ರವಾರ ನಾನು ಇನ್ನೊಂದು ವಿಷಯ ಗಮನಿಸಿದೆ. ಕರಿದ ಮೀನಿನ ತಟ್ಟೆ ಹೊತ್ತು ಒಳಗೆ ಬಂದಾಗಲೆಲ್ಲ ಲೂಷಿಯಸ್ ಆ ಬ್ಯಾನರ್ ಕಡೆ ನೋಡುತ್ತಿದ್ದ. ಒಂದು ಸಲ ತಟ್ಟೆ ಹಿಡಿದುಕೊಂಡೇ ಮೇಜಿನ ಕಡೆ ಎರಡು ಹೆಜ್ಜೆ ಇಟ್ಟ. ಮದರ್ ಪೆಟಿಗ್ರೂ "ಏನಪ್ಪಾ ಲೂಷಿಯಸ್?" ಅಂದರು. ಅವನು ಬಂದ ಕಾಲಲ್ಲೇ ವಾಪಸ್ ತಿರುಗಿದ.

ನಾನು ಸೌಟು ಕೆಳಗಿಟ್ಟು ಅವನ ಹಿಂದೆಯೇ ಓಣಿಗೆ ಹೋದೆ.

"ಲೂಷಿಯಸ್, ಇಲ್ಲಿ ನೋಡು. ನಿನಗೂ ಇದೆಯಾ?"

"ಏನು ಸಿಸ್ಟರ್ ಡೆಲ್ಫೀನ್?" ನಮ್ಮ ಚರ್ಚಿನಲ್ಲಿ ಹೆಂಗಸರನ್ನೆಲ್ಲ ಸಿಸ್ಟರ್ ಅಂತಲೇ ಕರೆಯುವುದು.

"ನಾಟಕ ಆಡ್ಬೇಡ. ಕೇಸು."

ಅವನು ಹಂಡೆಯಲ್ಲಿ ಮೀನು ತಿರುವಿಹಾಕಿದ. ಆಮೇಲೆ ನಿಧಾನವಾಗಿ ಹೇಳಿದ. ಹರೆಯದಲ್ಲಿ ಒಂದು ರಾತ್ರಿ ಕೆಲಸ ಮುಗಿಸಿ ಬರುವಾಗ ಪೊಲೀಸರು ಕಾರು ನಿಲ್ಲಿಸಿದ್ದರಂತೆ. ಅಂಗಿ ಜೇಬಿನಲ್ಲಿ ಸಿಗರೇಟಿನ ಹಾಗೆ ಸುತ್ತಿದ ಗಾಂಜಾ, ಅದೂ ಅರ್ಧ ಸೇದಿದ್ದು. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಮನೆಗೆ ಹೋಗಬಹುದು ಅಂದರಂತೆ, ಒಪ್ಪಿಕೊಂಡನಂತೆ. ಮನೆಗೆ ಬಂದ, ಕೇಸು ಅವನ ಬೆನ್ನು ಬಿಡಲಿಲ್ಲ. ದೊಡ್ಡ ಕಂಪನಿಯಲ್ಲಿ ಕೆಲಸ ಸಿಗಲಿಲ್ಲ. ಬಾಡಿಗೆ ಮನೆ ಕೇಳಿದಲ್ಲೆಲ್ಲ ಕಡತ ತೆಗೆದು ನೋಡಿ ಬಾಗಿಲು ಹಾಕಿದರು. ಕೊನೆಗೆ ಕೇಳುವುದನ್ನೇ ಬಿಟ್ಟ. ಅಣ್ಣನ ಮಗನ ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಉಳಿದುಬಿಟ್ಟ.

"ಒಡೆಸಾ ಇರೋದು ವಯಸ್ಸಾದವರ ಅಪಾರ್ಟ್‌ಮೆಂಟಲ್ಲಿ," ಅಂದ. "ಮದುವೆಯಾದ್ರೆ ನಾನು ಅಲ್ಲಿಗೆ ಹೋಗ್ಬೇಕು. ಅಲ್ಲಿ ಹೊಸಬರು ಯಾರೇ ಬಂದ್ರೂ ಹಳೇ ಕೇಸು ಹುಡುಕ್ತಾರೆ. ನನ್ನ ಹೆಸರು ಹಾಕಿದ್ರೆ ಅದು ಬರುತ್ತೆ. ಆಗ ಅವಳ ಮುಂದೆ ನನ್ನ ಮಾನ ಏನಾಗುತ್ತೆ? ಸಿಗರೇಟು ವಾಸನೆಗೇ ಮೂಗು ಮುರಿಯೋಳು ಅವಳು. ಅವಳ ಗಂಡ ಎಂಥ ಮನುಷ್ಯ ಆಗಿದ್ದ, ಚರ್ಚಿನ ಹಿರಿಯ! ಅವನ ಜಾಗಕ್ಕೆ ನಾನು, ಪೊಲೀಸ್ ಕೇಸಿನವನು."

ಅಯ್ಯೋ ದೇವರೇ. ಇಷ್ಟು ವರ್ಷ ಈ ಮನುಷ್ಯನಿಗೆ ಹಿಡಿಶಾಪ ಹಾಕಿದ್ದೆ. ಈಗ ನೋಡಿದರೆ ಅಪ್ಪಿಕೊಂಡು ಅಳಬೇಕು ಅನಿಸಿತು, ಎರಡು ಬಾರಿಸಬೇಕು ಅಂತಲೂ ಅನಿಸಿತು.

"ಹೋಗಿ ಆ ಹುಡುಗಿ ಹತ್ರ ಕೂತ್ಕೋ, ಮಾರಾಯ! ಅದಕ್ಕೇ ತಾನೇ ಬಂದಿದ್ದಾಳೆ."

"ಆ ಬ್ಯಾನರ್ ಕೆಳಗಾ? ಮದರ್ ಪೆಟಿಗ್ರೂ ಪಕ್ಕದಲ್ಲಾ? ನಾನು ಕುರ್ಚಿಗೆ ಬೆನ್ನು ತಾಗಿಸೋದ್ರೊಳಗೆ ಸುದ್ದಿ ಒಡೆಸಾ ಕಿವಿಗೆ ಬಿದ್ದಿರುತ್ತೆ ಸಿಸ್ಟರ್."

ಅದು ನಿಜ. ನಮ್ಮ ಚರ್ಚಿನಲ್ಲಿ ಸುದ್ದಿಗೆ ಕಾಲಿಲ್ಲ, ರೆಕ್ಕೆ ಇದೆ.

ಆ ವಾರವೆಲ್ಲ ತಲೆ ಕೆಡಿಸಿಕೊಂಡೆ. ಮೂರನೆಯ ಶುಕ್ರವಾರ ಬೇಗ ಹೋಗಿ ಮೊದಲು ಆ ಬ್ಯಾನರ್ ಕಿತ್ತು ಮಡಚಿ ಒಲೆಯ ಹಿಂದೆ ತುರುಕಿದೆ. ಬಾಗಿಲ ಪಕ್ಕದಲ್ಲಿ ಕೋಟು ತೂಗುಹಾಕುವ ಚಿಕ್ಕ ಕೋಣೆಯಿದೆ. ಅಲ್ಲಿಗೆ ಮೇಜು, ಎರಡು ಕುರ್ಚಿ ಎಳೆದು ಹಾಕಿದೆ. ಪಾದ್ರಿ ಬಂದು ಏನಿದು ಅಂದರು.

"ಇವತ್ತಿಂದ ಮೀನಿನ ಚೀಟಿ ಕೊಡೋದು ಕೆಂಡ್ರಾ," ಅಂದೆ. "ಒಬ್ಬೊಬ್ಬರೇ ಒಳಗೆ ಹೋಗ್ಬೇಕು, ಕೂತು ಚೀಟಿ ತಗೋಬೇಕು. ಕಾನೂನಿನವಳು ಅಲ್ವಾ, ಲೆಕ್ಕ ಚೊಕ್ಕವಾಗಿರುತ್ತೆ."

"ಅತಿಥಿ ಕೈಲಿ ಕೆಲಸ ಮಾಡಿಸ್ತೀಯಾ?" ಅಂತ ಮದರ್ ಪೆಟಿಗ್ರೂ ಟೋಪಿ ಅಲ್ಲಾಡಿಸಿದರು.

"ಅವಳಿನ್ನು ಅತಿಥಿ ಅಲ್ಲ ಮದರ್, ಮನೆ ಮಗಳು. ಮನೆ ಮಗಳು ಕೂತು ತಿಂದ್ರೆ ಚೆನ್ನಾಗಿರುತ್ತಾ?"

ಮದರ್ ಊರುಗೋಲು ಹಿಡಿದು ಸಭಾಂಗಣದ ಬೇರೆ ಮೇಜಿಗೆ ಹೋಗಿ ಕೂತರು.

ಕೆಂಡ್ರಾ ಜಾಣೆ, ಹೇಳುವ ಮೊದಲೇ ಅರ್ಥ ಮಾಡಿಕೊಂಡಳು. ಬಂದವರಿಗೆಲ್ಲ, ಹಣ್ಣು ಹಣ್ಣು ಮುದುಕಿಯರಿಗೂ ಬಿಡದೆ, ಒಂದೇ ಪ್ರಶ್ನೆ: ಎಷ್ಟು ಮೀನು, ಜೊತೆಗೆ ಹಳೆಯ ಕೇಸು ಏನಾದರೂ ನೋಡಬೇಕಾ? ಎಲ್ಲರನ್ನೂ ಕೇಳುತ್ತಾಳೆಂದ ಮೇಲೆ ಯಾರಿಗೂ ಅವಮಾನವಿಲ್ಲ. ಕೇಸು ಇಲ್ಲದವರು ಚೀಟಿ ತೆಗೆದುಕೊಂಡು ಥಟ್ಟನೆ ಬಂದರು. ಉಳಿದವರು ಒಳಗೇ ಉಳಿದರು.

ಆ ಸಾಲಿನ ತಮಾಷೆ ಏನು ಹೇಳಲಿ! ಡೀಕನ್ ಹಾರ್ಲನ್ ಅಂದರೆ ಚರ್ಚಿನಲ್ಲಿ ಕಾಣಿಕೆ ತಟ್ಟೆ ಹಿಡಿಯುವ ಗಂಭೀರ ಮನುಷ್ಯ, ಅವರು ಒಳಗೆ ಹೋದವರು ಹೊರಗೆ ಬರಲೇ ಇಲ್ಲ. ಸಾಲಿನಲ್ಲಿದ್ದವರು ಕಾಲು ಬದಲಿಸಿ ಬದಲಿಸಿ ಸುಸ್ತಾದರು. ಕೊನೆಗೆ ಬಂದಾಗ ಒಬ್ಬ ಕೂಗಿದ:

"ಏನ್ ಡೀಕನ್, ಮೀನು ಹಿಡಿಯೋಕೆ ಮಿಸಿಸಿಪಿ ನದಿಗೇ ಇಳಿದಿದ್ರಾ?"

"ಮುಳ್ಳಿರೋದಾ ಇಲ್ಲದ್ದಾ ಅಂತ ಯೋಚನೆ ಮಾಡ್ತಿದ್ದೆ ಕಣೋ," ಅಂದರು ಡೀಕನ್. ಅವರ ಕಣ್ಣು ಕೆಂಪಾಗಿತ್ತು, ಮುಖದಲ್ಲಿ ಮಾತ್ರ ನಗು ತಡೆಯಲಾಗುತ್ತಿರಲಿಲ್ಲ. ನನ್ನ ಕಿಟಕಿಯ ಮುಂದೆ ಬಂದು ಚೀಟಿ ಕೊಡುವುದನ್ನೇ ಮರೆತು ನಿಂತರು. ನಾನೇ ಅವರ ಕೈಯಿಂದ ಬಿಡಿಸಿಕೊಂಡು ಒಂದು ಮೀನು ಹೆಚ್ಚಿಗೆ ಹಾಕಿದೆ.

ಸುದ್ದಿ ಹಬ್ಬಿತು. ಮುಂದಿನ ಶುಕ್ರವಾರ ಮೀನೆಂದರೆ ವಾಕರಿಸುವವರೂ ಬಂದು ಚೀಟಿ ಕೇಳಿದರು. ಪಕ್ಕದ ಚರ್ಚಿನವರು ಬಂದರು. ಎಷ್ಟೋ ಜನರದ್ದು ಆಗಲೇ ಅಳಿಸಿಹೋಗಿತ್ತು, ಅವರಿಗೆ ಗೊತ್ತೇ ಇರಲಿಲ್ಲ. ಉಳಿದವರದ್ದನ್ನು ಕೆಂಡ್ರಾ ಬೆನ್ನು ಹತ್ತಿ ಹುಡುಕಿಸುತ್ತಿದ್ದಳು.

ಎಲ್ಲರೂ ಬಂದರು, ಲೂಷಿಯಸ್ ಒಬ್ಬನನ್ನು ಬಿಟ್ಟು.

"ಮೀನು ಕರಿಯೋನಿಗೆ ಮೀನು ಪುಕ್ಕಟೆ ಸಿಸ್ಟರ್," ಅಂದ. "ನಾನು ಯಾವ ನೆಪದಲ್ಲಿ ಚೀಟಿ ತಗೊಳ್ಲಿ? ನಗ್ತಾರೆ ಜನ."

"ಹಾಗಿದ್ರೆ ಇವತ್ತಿಂದ ನಿನಗೆ ಪುಕ್ಕಟೆ ಇಲ್ಲ. ನನ್ನ ಅಡುಗೆಮನೇಲಿ ನಾನು ಹೇಳಿದ್ದೇ ಕಾನೂನು."

"ಹಸಿವಿಲ್ಲ," ಅಂದ ಆ ಪುಣ್ಯಾತ್ಮ. ಅವನಿಗೆ ಭಯ. ಕೇಸು ಇದೆ ಅಂತ ಗೊತ್ತಿರುವುದು ಒಂದು, ಇದೆ ಅಂತ ಇನ್ನೊಬ್ಬರ ಬಾಯಿಂದ ಕೇಳುವುದು ಇನ್ನೊಂದು. ಅಷ್ಟು ಸಲ ಬಾಗಿಲು ಮುಚ್ಚಿಸಿಕೊಂಡವನು ಇನ್ನೊಂದು ಬಾಗಿಲು ತಟ್ಟುವುದಾದರೂ ಹೇಗೆ? ಬೈದೆ, ಗೋಗರೆದೆ. ಒಡೆಸಾಗೆ ನಾನೇ ಹೇಳಿಬಿಡಲೇ ಅಂತಲೂ ಅನ್ನಿಸಿತು. ಆದರೆ ಅದು ಅವನ ಮಾತು, ನನ್ನದಲ್ಲ.

ಗುಡ್ ಫ್ರೈಡೇ ಬಂತು, ಈಸ್ಟರ್‌ಗೆ ಇನ್ನೆರಡೇ ದಿನ. ಅದೇ ಕೊನೆಯ ಮೀನಿನ ಶುಕ್ರವಾರ. ನಾನು ಕೋಸು ಹೆಚ್ಚುತ್ತಿದ್ದೆ, ಒಡೆಸಾ ಅಡುಗೆಮನೆಗೆ ಬಂದಳು. ಲೂಷಿಯಸ್ ಹಿಂದಿನ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದ.

"ಅಕ್ಕಾ, ಮೀನು ಬಂದಿರೋ ರಟ್ಟಿನ ಡಬ್ಬ ಖಾಲಿ ಇದ್ರೆ ಎತ್ತಿಡು. ಪಾತ್ರೆ ಕಟ್ಟೋಕೆ ಬೇಕು. ಸೋಮವಾರ ಮಗ ವ್ಯಾನ್ ತರ್ತಾನೆ."

ಅವಳು ಅವನ ಕಡೆ ನೋಡಲೂ ಇಲ್ಲ, ಹೊರಟುಹೋಗಿ ಸಭಾಂಗಣದಲ್ಲಿ ಕೂತಳು. ಲೂಷಿಯಸ್ ತಟ್ಟೆಯನ್ನು ನನ್ನ ಮುಂದಿಟ್ಟ. ಏಪ್ರನ್ನಿಗೆ ಕೈ ಒರೆಸಿಕೊಂಡ, ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ.

"ಹಂಡೆ ನೋಡ್ಕೊಳ್ಳಿ," ಅಂದ. "ನಾನು ಚೀಟಿ ತರ್ತೀನಿ."

ಏಪ್ರನ್ ಕೂಡ ಬಿಚ್ಚದೆ, ಹಿಟ್ಟು ಮೆತ್ತಿದ ಮೋರೆಯಲ್ಲೇ ಹೋಗಿ ಸಾಲಿನಲ್ಲಿ ನಿಂತ. "ಏನಣ್ಣಾ, ನೀನು ಕರಿದಿದ್ದನ್ನ ನೀನೇ ಕೊಂಡ್ಕೋಬೇಕಾ? ಸಿಸ್ಟರ್ ಡೆಲ್ಫೀನ್ ಅಷ್ಟು ಜುಗ್ಗಿ ಆಗಿಬಿಟ್ರಾ?" ಅಂತ ಯಾರೋ ಕೆಣಕಿದರು. ಅವನು ನಗಲಿಲ್ಲ. ಒಳಗೆ ಹೋದ.

ನಾನು ಹಂಡೆಯ ಕಡೆ ಹೋಗಲೇ ಇಲ್ಲ, ಸುಳ್ಳು ಯಾಕೆ ಹೇಳಲಿ. ಕಿಟಕಿಯಿಂದ ಆ ಕೋಣೆಯ ಬಾಗಿಲನ್ನೇ ನೋಡುತ್ತಾ ನಿಂತೆ. ಒಳಗೆ ಏನಾಯಿತು ಅಂತ ಕೆಂಡ್ರಾ ಆಮೇಲೆ ಹೇಳಿದಳು. ಹೆಸರು, ಹುಟ್ಟಿದ ದಿನ ಹೇಳಿದ. ಅವಳು ಕಂಪ್ಯೂಟರಿನಲ್ಲಿ ಹುಡುಕಿದಳು. ಏನೂ ಸಿಗಲಿಲ್ಲ. "ಸರ್, ಕೋರ್ಟಿನವರು ಇದನ್ನ ಆಗಲೇ ಅಳಿಸಿದ್ದಾರೆ, ಹೋದ ವರ್ಷವೇ ಹೋಗಿರ್ಬೇಕು," ಅಂದಳು. "ಕಾಗದ ಹಾಕಿದ್ರೂ ಹಳೇ ವಿಳಾಸಕ್ಕೆ ಹೋಗಿರುತ್ತೆ." ಆ ಹಳೆಯ ಮನೆ ಕೆಡವಿ ಈಗ ಅಲ್ಲಿ ಹುಲ್ಲು ಬೆಳೆದಿದೆ. ಇವನು ನಂಬಲಿಲ್ಲ. ಇನ್ನೊಮ್ಮೆ ನೋಡಮ್ಮಾ ಅಂದ. ನಡುವಿನ ಹೆಸರು ಸೇರಿಸಿ ನೋಡು ಅಂದ. ಅವಳು ಪರದೆಯನ್ನೇ ಅವನ ಕಡೆ ತಿರುಗಿಸಿ ತೋರಿಸಿದಳು. "ನೋಡಿ, ನಿಮ್ಮ ಹೆಸರಲ್ಲಿ ಏನೂ ಇಲ್ಲ. ಯಾರಾದ್ರೂ ಕೇಳಿದ್ರೆ ಧೈರ್ಯವಾಗಿ ಇಲ್ಲ ಅನ್ನಿ. ಎಲ್ಲಾದ್ರೂ ಹಳೇ ಪಟ್ಟೀಲಿ ಉಳ್ಕೊಂಡಿದ್ರೆ ನನಗೆ ಫೋನ್ ಮಾಡಿ, ನಾನು ಅವರ ಗ್ರಹಚಾರ ಬಿಡಿಸ್ತೀನಿ."

ನಾವು ಹೊರಗಿದ್ದವರು ಕಂಡದ್ದು ಇಷ್ಟು: ಬಾಗಿಲು ದಢಾರನೆ ತೆರೆಯಿತು. ಮಾತಾಡು ಅಂದರೆ ಮಾತಾಡದ ಲೂಷಿಯಸ್ ಎರಡೂ ಕೈ ಮೇಲೆತ್ತಿ, ಹಾಡಿನ ಮೇಳದಲ್ಲೂ ತೆಗೆಯದ ದನಿ ತೆಗೆದು ಕೂಗಿದ.

"ಏನೂ ಇಲ್ವಂತೆ! ನನ್ನ ಹೆಸರಲ್ಲಿ ಏನೂ ಇಲ್ವಂತೆ! ಆ ಗಾಂಜಾ ಕೇಸು ಹೋಗೇಬಿಟ್ಟಿದೆಯಂತೆ!"

ಬಾಯಿಗಿಟ್ಟ ಮೀನು ಬಾಯಲ್ಲೇ ಉಳಿಯಿತು. ತಾನು ಏನು ಹೇಳಿದೆ, ಯಾರ ಯಾರ ಮುಂದೆ ಹೇಳಿದೆ ಅಂತ ಅವನಿಗೆ ಆಗ ಹೊಳೆಯಿತು. ಕೈ ಮೆಲ್ಲಗೆ ಕೆಳಗಿಳಿಯಿತು. ಅವನ ಕಣ್ಣು ಒಡೆಸಾಳನ್ನು ಹುಡುಕಿತು, ಸಿಕ್ಕಿತು, ನೆಲ ನೋಡಿತು.

ನಮ್ಮಲ್ಲಿ ಒಬ್ಬರು ಎದ್ದು ಒಳ್ಳೆಯ ಸುದ್ದಿ ಸಾರಿದರೆ ಉಳಿದವರು ಸುಮ್ಮನಿರುವಂತಿಲ್ಲ. ಮೊದಲು ದನಿ ಎತ್ತಿದವರು ಮದರ್ ಪೆಟಿಗ್ರೂ. "ಆಮೆನ್!" ಅಂದರು, ಊರುಗೋಲು ನೆಲಕ್ಕೆ ಕುಟ್ಟಿ. ಅದರ ಹಿಂದೆ ಡೀಕನ್ ಹಾರ್ಲನ್. ಆಮೇಲೆ ನೋಡಬೇಕಿತ್ತು, ಇಡೀ ನೆಲಮಾಳಿಗೆ ಆಮೆನ್, ಚಪ್ಪಾಳೆ, ಮೇಜು ಬಡಿತ. ಒಬ್ಬ ಹುಡುಗಿ ಕುಣಿಯಲಿಕ್ಕೇ ಶುರುಮಾಡಿದಳು.

ಒಡೆಸಾ ಎದ್ದಳು. ಗದ್ದಲ ತಾನಾಗಿ ಇಳಿಯಿತು. ಜನರ ನಡುವೆ ನಿಧಾನವಾಗಿ ನಡೆದು ಅವನ ಮುಂದೆ ನಿಂತಳು.

"ಇದಕ್ಕೇನಾ?" ಅಂದಳು, ಅದೇ ಮೆಲುದನಿಯಲ್ಲಿ. "ಇಷ್ಟು ವರ್ಷ ನನ್ನ ಕಾಯಿಸಿದ್ದು ಇದಕ್ಕೇನಾ?"

"ಹೂಂ," ಅಂದ ಅವನು.

"ನೀನು ಈ ಚರ್ಚಿಗೆ ಬಂದ ಮೊದಲನೇ ವಾರವೇ ನಿನ್ನ ದೊಡ್ಡಮ್ಮನ ಮಗಳು ಮೇವಿಸ್ ನನಗೆ ಹೇಳಿದ್ಳು. ಅರ್ಧ ಸೇದಿದ್ದು ಅಂತಲೂ ಹೇಳಿದ್ಳು. ಅದು ಗೊತ್ತಿದ್ದೇ ನಿನ್ನ ಭಾನುವಾರದ ಊಟಕ್ಕೆ ಕರೆದೆ ನಾನು."

ಲೂಷಿಯಸ್ ಏಪ್ರನ್ನಿನ ತುದಿ ಹಿಡಿದುಕೊಂಡ.

"ಗೊತ್ತಿದ್ರೆ... ಮತ್ತೆ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ಓಡಿಹೋಗ್ತಿದ್ದೆ. ನೀನೇ ಹೇಳ್ತೀಯ ಅಂತ ಕಾದೆ. ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ಕಾದೆ." ಅವಳ ದನಿ ಅಲ್ಲಿ ಒಡೆಯಿತು. "ಕೇಸಿಗಲ್ಲ ಲೂಷಿಯಸ್ ನನಗೆ ಬೇಜಾರಾಗಿದ್ದು. ಒಂದು ಸೊಪ್ಪಿನ ಚೂರಿಗೆ ನಿನ್ನ ಬಿಟ್ಟುಬಿಡೋವಷ್ಟು ಸಣ್ಣವಳು ಅಂದ್ಕೊಂಡ್ಯಲ್ಲ ನನ್ನ, ಅದಕ್ಕೆ."

ಅವನು ಅಳುತ್ತಿದ್ದ. ಹಿಟ್ಟಿನ ಮೇಲೆ ಕಣ್ಣೀರು ಇಳಿದು ಮುಖವೆಲ್ಲ ಅಂಟಂಟಾಗಿತ್ತು. ಏಪ್ರನ್ ಹಿಡಿದುಕೊಂಡೇ ಸಿಮೆಂಟು ನೆಲದ ಮೇಲೆ ಒಂದು ಮಂಡಿ ಊರಿದ.

"ಒಡೆಸಾ, ನನ್ನ ಮದುವೆ ಆಗ್ತೀಯಾ?"

"ಮೊದಲು ಎದ್ದೇಳು, ಆಮೇಲೆ ಮಂಡಿ ಹಿಡ್ಕೊಂಡ್ರೆ ಎತ್ತೋರು ಯಾರು?" ಅಂದಳು. ಅವನು ಏಳಲಿಲ್ಲ. "ಆಗ್ತೀನಿ ಕಣೋ. ಆಗ್ತೀನಿ."

ಆ ಕೂಗಾಟ ಬೀದಿಯ ಕೊನೆಯವರೆಗೂ ಕೇಳಿಸಿರಬೇಕು. ಡೀಕನ್ ಹಾರ್ಲನ್ ಮತ್ತು ಇನ್ನೊಬ್ಬರು ಸೇರಿ ಲೂಷಿಯಸ್‌ನನ್ನು ಎತ್ತಿ ನಿಲ್ಲಿಸಿದರು. ಹಿಂದಿನ ಓಣಿಯಿಂದ ಸುಟ್ಟ ವಾಸನೆ ಬಂತು, ಆ ಹಂಡೆಯ ಮೀನಷ್ಟೂ ಕರಕಲಾಗಿತ್ತು. ಯಾರೂ ಗೊಣಗಲಿಲ್ಲ.

ಆಗ ಮದರ್ ಪೆಟಿಗ್ರೂ ಎದ್ದು ಬಿಳಿ ಟೋಪಿ ಸರಿಮಾಡಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ದಾರಿ ಬಿಡ್ರಪ್ಪಾ. ಆ ಹುಡುಗಿ ಹತ್ರ ನನಗೂ ಒಂದು ಸಣ್ಣ ಕೆಲಸ ಇದೆ. ಮೀನು ಬೇಡ. ಮತ್ತೆ ಯಾರಾದ್ರೂ ಹಲ್ಲು ಕಿಸಿದ್ರೆ ಇವತ್ತೂ ಕಿವಿ ಹಿಂಡ್ತೀನಿ."

ಯಾರೂ ಹಲ್ಲು ಕಿಸಿಯಲಿಲ್ಲ. ಅವರು ಕೋಣೆಯೊಳಗೆ ಹೋದರು, ಬಾಗಿಲು ಮುಚ್ಚಲಿಲ್ಲ. ಅವರ ಹಿಂದೆ ಒಬ್ಬ ಎದ್ದು ನಿಂತ, ಅವನ ಹಿಂದೆ ಇನ್ನೊಬ್ಬ, ಕೈಯಲ್ಲಿ ತಟ್ಟೆಯಿಲ್ಲ, ನೆಪವಿಲ್ಲ. ನೆಂಟರ ಮನೆಯಲ್ಲಿ ಊಟಕ್ಕೆ ಕಾಯುವವರ ಹಾಗೆ ಹರಟೆ ಹೊಡೆಯುತ್ತಾ ಸಾಲು ನಿಂತರು.

ನಾನು ಕಿಟಕಿಗೆ ಒರಗಿಕೊಂಡು ಜೋರಾಗಿ ಅಳುತ್ತಿದ್ದೆ. ಒಡೆಸಾ ಅಡುಗೆಮನೆಗೆ ಬಂದು ಮೊಳೆಯಿಂದ ಏಪ್ರನ್ ತೆಗೆದು ಕಟ್ಟಿಕೊಂಡಳು.

"ಯಾಕೆ ಅಳ್ತೀಯೇ?" ಅಂದಳು. "ಸಾಕು, ಕಣ್ಣು ಒರೆಸ್ಕೋ. ನಾಳೆ ಬೆಳಿಗ್ಗೆ ಫೋನ್ ಮಾಡು, ಮದುವೆ ಊಟಕ್ಕೆ ಏನು ಮಾಡ್ಬೇಕು ಅಂತ ಜಗಳ ಆಡೋದಿದೆ. ಈಗ ಸರಿ ಆಚೆ, ಮಗನಿಗೆ ಫೋನ್ ಮಾಡ್ಬೇಕು, ವ್ಯಾನ್ ತರೋದು ಬೇಡ ಅಂತ."

ನಾನು ಸರಿಯಲಿಲ್ಲ. ಅವಳನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ. ಅವಳು ನನ್ನ ಹೆಗಲ ಮೇಲಿಂದಲೇ ಫೋನ್ ಮಾಡಿ ಮಗನಿಗೆ ಹೇಳಿದಳು, "ನಾನು ಬರಲ್ಲ ಕಣೋ, ನೀವೇ ಬನ್ನಿ."